‘ಎಷ್ಟು ಸವೆದಿದೆ?’ ಎಂದು ಮೊದಲು ಕೇಳು

ತಮ್ಮಾ, ಗಾಡಿ ಹೊಗೆ ಉಗುಳುತ್ತಿದೆ. ದಿಬ್ಬ ಹತ್ತುವಾಗ ಎಳೆಯುತ್ತಿಲ್ಲ. ಡಿಪ್‌ಸ್ಟಿಕ್ ಎತ್ತಿ ನೋಡಿದಾಗಲೆಲ್ಲ ಆಯಿಲ್ ಕೆಳಗಿಳಿದಿರುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಆಯಿಲ್ ಮುಚ್ಚಳ ತೆಗೆದು ನೋಡಿ, ‘ಬ್ಯಾಕ್ ಕಂಪ್ರೆಷನ್ ಜಾಸ್ತಿ ಇದೆ, ಬೋರ್‌ಗೆ ಬಂದಿದೆ, ಎಂಜಿನ್ ಇಳಿಸಲೇಬೇಕು’ ಅಂದುಬಿಟ್ಟಿದ್ದಾನೆ. ನಿನ್ನ ಎದೆ ಧಸಕ್ಕೆಂದಿರುವುದು ಸಹಜ. ಒಂದು ಕಡೆ ಫೈನಾನ್ಸ್ ಕಂತು, ಇನ್ನೊಂದು ಕಡೆ ನಿಂತ ಗಾಡಿ. ಇಂಥ ಹೊತ್ತಿನಲ್ಲಿ ಯಾರೇ ಆದರೂ ಲೇತ್ ಅಂಗಡಿಯ ಬಾಗಿಲಲ್ಲಿ ನಿಂತು ಕೇಳುವ ಮೊದಲ ಪ್ರಶ್ನೆ ‘ಎಷ್ಟಾಗುತ್ತೆ ಅಣ್ಣಾ?’ ಎಂದೇ. ನಾನು ನಿನಗೆ ಹೇಳಬೇಕೆಂದಿರುವ ಕಿವಿಮಾತು ಇಷ್ಟೇ: ದುಡ್ಡಿನ ಪ್ರಶ್ನೆಗೆ ಮೊದಲು ‘ಎಷ್ಟು ಸವೆದಿದೆ?’ ಎಂದು ಕೇಳು. ಅದಕ್ಕೆ ಉತ್ತರ ಅಂಕಿಯಲ್ಲಿ ಬರಲಿ, ಕಾಗದದ ಮೇಲೆ ಬರಲಿ. ಉಳಿದ ಎಲ್ಲ ತೀರ್ಮಾನಗಳೂ ಆ ಅಂಕಿಯ ಹಿಂದೆ ಬರುತ್ತವೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಗಾಡಿ ಎಂದರೆ ಸಂಸಾರದ ಆಧಾರ. ಕೋಲಾರದ ಎಪಿಎಂಸಿಗೆ ಟೊಮೆಟೊ ಕ್ರೇಟ್ ಹೊತ್ತು ಬರುವ ಬೊಲೆರೊ ಪಿಕಪ್, ಶ್ರೀನಿವಾಸಪುರದ ಮಂಡಿಗೆ ತೋಟದಿಂದ ಮಾವು ತರುವ ಟಾಟಾ ಏಸ್, ಮಾಲೂರಿನ ಇಟ್ಟಿಗೆ ಮತ್ತು ಹೆಂಚಿನ ಲೋಡ್ ಎಳೆಯುವ ಟ್ರ್ಯಾಕ್ಟರ್, ಮುಳಬಾಗಿಲಿನಿಂದ ನಂಗಲಿ ದಾಟಿ ಪಲಮನೇರಿನ ಮೇಲೆ ಮೊಗಿಲಿ ಘಾಟಿ ಇಳಿದು ಚಿತ್ತೂರಿನ ಕಡೆ ಹೋಗುವ ಲಾರಿ, ಇವೆಲ್ಲ ದುಡಿದು ಸವೆಯುವ ಗಾಡಿಗಳು. 2005ರಲ್ಲಿ ಎರಡು ಸಿಲಿಂಡರಿನ, 702 ಸಿಸಿಯ ಏಸ್ ಬಂದ ಮೇಲಂತೂ ನಿನ್ನೆಯವರೆಗೆ ಇನ್ನೊಬ್ಬರ ಗಾಡಿ ಓಡಿಸುತ್ತಿದ್ದ ಹುಡುಗರು ತಾವೇ ಮಾಲೀಕರಾದರು. ಮಾಲೀಕನಾದವನಿಗೆ ಸ್ಟಿಯರಿಂಗ್ ಹಿಡಿಯುವುದರ ಜೊತೆಗೆ ಎಂಜಿನ್ನಿನ ಒಳಗಿನ ಸಂಗತಿಯೂ ಸ್ವಲ್ಪ ತಿಳಿದಿರಬೇಕು. ತಿಳಿಯದಿದ್ದರೆ ನಿನ್ನ ಪರವಾಗಿ ಬೇರೆಯವರು ತೀರ್ಮಾನ ಮಾಡುತ್ತಾರೆ, ಬಿಲ್ ಮಾತ್ರ ನಿನ್ನ ಹೆಸರಿಗೆ ಬರುತ್ತದೆ.

ಮೊದಲು, ನಮ್ಮ ಕಡೆ ಎಂಜಿನ್ ಯಾಕೆ ಬೇಗ ಸವೆಯುತ್ತದೆ ಎಂಬುದನ್ನು ಅರಿತುಕೋ. ಕಾರಣ ತಿಳಿಯದೆ ಬೋರಿಂಗ್ (ಸವೆದ ಸಿಲಿಂಡರನ್ನು ದೊಡ್ಡದಾಗಿ ಕೊರೆಯುವ ಕೆಲಸ) ಮಾಡಿಸಿದರೆ ಹೊಸ ಪಿಸ್ಟನ್ನೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಒಂದು, ಧೂಳು. ಮಾಲೂರಿನ ಇಟ್ಟಿಗೆ ಗೂಡುಗಳ ದಾರಿ, ಟೇಕಲ್ ಕಡೆಯ ಕಲ್ಲು ಕೆಲಸದ ದಾರಿ, ಉಳುಮೆ ಹೊತ್ತಿನ ಹೊಲ, ಎಲ್ಲೆಲ್ಲೂ ಗಾಳಿಯಲ್ಲಿ ಕಲ್ಲಿನ ಪುಡಿ. ಏರ್ ಫಿಲ್ಟರ್ ಹರಿದಿದ್ದರೆ, ಅಥವಾ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ ಸಡಿಲವಾಗಿದ್ದರೆ, ಆ ಪುಡಿ ನೇರವಾಗಿ ಸಿಲಿಂಡರಿಗೆ ಹೋಗಿ ರಿಂಗಿಗೂ ಬೋರಿಗೂ (ಸಿಲಿಂಡರಿನ ಒಳಗೋಡೆಗೂ) ನಡುವೆ ಸಿಕ್ಕಿಕೊಂಡು ಎರಡನ್ನೂ ಉಜ್ಜುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಏರ್ ಕ್ಲೀನರಿನ ಬಟ್ಟಲಿನಲ್ಲಿ ಆಯಿಲ್ ಇರುತ್ತದಲ್ಲ, ಅದು ಕೆಸರಾಗಿದ್ದರೂ ಇದೇ ಗತಿ.

ಎರಡು, ನೀರು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿಗೂ ಕೆಳಗಿನ ಕೊಳವೆಬಾವಿಯ ಗಡಸು ನೀರನ್ನೇ ಕುಡಿದವರು ನಾವು, ಅದನ್ನೇ ರೇಡಿಯೇಟರಿಗೂ ಸುರಿಯುತ್ತೇವೆ. ಆ ನೀರಿನ ಸುಣ್ಣ ಬಿಸಿಗೆ ಪದರಗಟ್ಟಿ ಬ್ಲಾಕಿನ ಒಳಗೂ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಬಿಸಿ ಲೋಹದಿಂದ ನೀರಿಗೆ ದಾಟಲು ಈ ಪದರ ಅಡ್ಡ ನಿಲ್ಲುತ್ತದೆ. ಇನ್ನೊಂದು ಸಂಗತಿ ನೋಡು. ಕೋಲಾರ ಇರುವುದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಗಟ್ಟಿಯಾಗಿ ಒತ್ತಡ ಹಿಡಿದರೆ ಮಾತ್ರ ನೀರು ನೂರನ್ನು ದಾಟಿಯೂ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ನಂಗಲಿಯ ಕಡೆ ದಿಬ್ಬದಲ್ಲಿ ಲೋಡ್ ಎಳೆಯುವಾಗ ನೀರು ಕುದಿದು ಹೊರಗೆ ಚೆಲ್ಲುತ್ತದೆ, ಹೆಡ್ ಸೊಟ್ಟಗಾಗುತ್ತದೆ. ಅಲ್ಯೂಮಿನಿಯಂ ಹೆಡ್ ಆದರೆ ಇನ್ನೂ ಬೇಗ, ಯಾಕೆಂದರೆ ಬಿಸಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ನೂರಿನ್ನೂರು ರೂಪಾಯಿಯ ಮುಚ್ಚಳ ಬದಲಿಸದೆ ಸಾವಿರಗಟ್ಟಲೆ ಹೆಡ್ ಕೆಲಸಕ್ಕೆ ಸುರಿದವರನ್ನು ನಾನು ಬಹಳ ನೋಡಿದ್ದೇನೆ.

ಆದ್ದರಿಂದ ಎಂಜಿನ್ ಇಳಿಸುವ ಮುಂಚೆ ಹೊರಗಿನಿಂದ ತಿಳಿಯುವುದನ್ನೆಲ್ಲ ತಿಳಿದುಕೋ. ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಅಥವಾ ಡೀಸೆಲ್ ಹೆಚ್ಚಾಗಿ ಪೂರ್ತಿ ಉರಿಯುತ್ತಿಲ್ಲ. ಅದು ಏರ್ ಫಿಲ್ಟರಿನ, ಇಂಜೆಕ್ಟರಿನ, ಪಂಪಿನ ಕೆಲಸವಾಗಿರಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆದರೆ ಆಯಿಲ್ ಸಿಲಿಂಡರಿಗೆ ಹೋಗಲು ಮೂರು ದಾರಿ ಇವೆ: ರಿಂಗಿನ ಪಕ್ಕದಿಂದ ಮೇಲಕ್ಕೆ, ವಾಲ್ವ್ ಗೈಡಿನಿಂದ ಕೆಳಕ್ಕೆ, ಟರ್ಬೊ ಇದ್ದರೆ ಅದರ ಸೀಲಿನಿಂದ ಒಳಕ್ಕೆ. ಮೂರರಲ್ಲಿ ಒಂದಕ್ಕೆ ಮಾತ್ರ ಬೋರಿಂಗ್ ಮದ್ದು. ಗಾಡಿ ಬೆಚ್ಚಗಾದ ಮೇಲೂ ಬಿಳಿ ಹೊಗೆ ನಿಲ್ಲದೆ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕಿನ ಮೇಲೆ ಅನುಮಾನ ಪಡು. ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್‌ನಿಂದ ಪ್ರತಿ ಸಿಲಿಂಡರಿನ ಕಂಪ್ರೆಷನ್ ನೋಡಿಸಿ ಬರೆದುಕೋ. ಎಲ್ಲ ಸಿಲಿಂಡರೂ ಸಮವಾಗಿ ಇಳಿದಿವೆಯೋ, ಒಂದೇ ಬಿದ್ದಿದೆಯೋ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಇಷ್ಟಾಗಿಯೂ ಇಳಿಸಲೇಬೇಕು ಎಂದಾದರೆ ಬ್ಲಾಕನ್ನೂ ಹೆಡ್ಡನ್ನೂ ಮೆಕ್ಯಾನಿಕ್ ಕೈಲಿ ಕೊಟ್ಟು ಮನೆಯಲ್ಲಿ ಕೂರಬೇಡ. ನೀನೇ ಜೊತೆಗೆ ಹೋಗು. ನಿನ್ನ ಊರಿನಲ್ಲಿರುವ ಲೇತ್ ಅಂಗಡಿಯಲ್ಲಿ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಎಲ್ಲವೂ ಇರಬೇಕೆಂದೇನೂ ಇಲ್ಲ. ಕೆಲವರು ಬುಷ್ ತಿರುವುವುದು, ಥ್ರೆಡ್ ಹಾಕುವುದು, ನೇಗಿಲ ಪಿನ್ ಮಾಡುವುದರಲ್ಲಿ ಗಟ್ಟಿಗರು. ಎಂಜಿನ್ ಮಷಿನಿಂಗ್ ಅದಕ್ಕಿಂತ ಬೇರೆಯೇ ಆದ ಕಸುಬು. ಯಾವ ಕೆಲಸ ಅಲ್ಲೇ ಆಗುತ್ತದೆ, ಯಾವುದನ್ನು ಕೋಲಾರಕ್ಕೋ ಬೆಂಗಳೂರಿಗೋ ಕಳಿಸುತ್ತಾರೆ ಎಂದು ಮೊದಲೇ ಕೇಳು. ಕಳಿಸುವುದರಲ್ಲಿ ತಪ್ಪಿಲ್ಲ. ಎಲ್ಲಿಗೆ ಹೋಯಿತು, ಯಾರು ಜವಾಬ್ದಾರಿ ಎಂಬುದು ನಿನಗೆ ಗೊತ್ತಿರಬೇಕು, ಅಷ್ಟೆ.

ಅಂಗಡಿಯ ಮಷಿನ್ ಹಳೆಯದು ಎಂದು ಮೂಗು ಮುರಿಯಬೇಡ. ನಮ್ಮ ರಾಜ್ಯಕ್ಕೆ ಈ ಕಸುಬಿನಲ್ಲಿ ದೊಡ್ಡ ಹೆಸರಿದೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕೊಟ್ಟಿತು. ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಹುಟ್ಟಿದ್ದೇ ಮಷಿನ್ ಟೂಲ್ ಮಾಡುವುದಕ್ಕೆ, ವಾಚು ಆಮೇಲೆ ಬಂತು. ನಮ್ಮ ಮಗ್ಗುಲಿನ ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚುವವರೆಗೂ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಮನುಷ್ಯರನ್ನು ಇಳಿಸಿ ಮೇಲೆತ್ತಿದ ಯಂತ್ರಗಳು ಫಿಟ್ಟರುಗಳ, ಟರ್ನರುಗಳ ಕೈಯಲ್ಲಿ ನಡೆದವು. ಅಲ್ಲಿನ ಬಿಇಎಂಎಲ್‌ನಲ್ಲಿ ಇಂದಿಗೂ ಬುಲ್ಡೋಜರ್ ತಯಾರಾಗುತ್ತದೆ. ಅಳತೆಗೆ ಬೆಲೆ ಕೊಟ್ಟು ಬದುಕಿದ ಸೀಮೆ ಇದು. ಚೆನ್ನಾಗಿ ನೋಡಿಕೊಂಡ ಹಳೆಯ ಬೋರಿಂಗ್ ಮಷಿನ್, ಒಳ್ಳೆಯ ಮೇಸ್ತ್ರಿಯ ಕೈಯಲ್ಲಿ, ಇವತ್ತಿಗೂ ಕರಾರುವಾಕ್ಕಾಗಿ ಕೆಲಸ ಮಾಡುತ್ತದೆ. ನೀನು ನೋಡಬೇಕಾದ್ದು ಆ ಮೇಸ್ತ್ರಿಯ ಮೇಜಿನ ಮೇಲೆ ಮೈಕ್ರೋಮೀಟರ್ ಮತ್ತು ಬೋರ್ ಡಯಲ್ ಗೇಜ್ ಇದೆಯೇ, ಅವು ಪೆಟ್ಟಿಗೆಯಲ್ಲಿ ಶುಚಿಯಾಗಿವೆಯೇ ಎಂಬುದನ್ನು. ಅಳತೆ ತೆಗೆಯದೆ ಅಂಗಿ ಕತ್ತರಿಸುವ ದರ್ಜಿಯ ಹತ್ತಿರ ನೀನು ಹೋಗುವುದಿಲ್ಲ. ಹಾಗಿರುವಾಗ ಗೀರನ್ನು ಬೆರಳಲ್ಲಿ ಸವರಿ ‘ಫಿಫ್ಟಿ ಬೋರ್ ಮಾಡೋಣ’ ಎನ್ನುವವನಿಗೆ ಎಂಜಿನ್ ಯಾಕೆ ಕೊಡುತ್ತೀಯೆ?

ಸವೆತವನ್ನು ಅಳೆಯುವ ರೀತಿ ಕೇಳಿಸಿಕೋ. ಬೋರ್ ಉದ್ದಕ್ಕೂ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲಿ, ಬಿಸಿಯೂ ಒತ್ತಡವೂ ಹೆಚ್ಚಿರುವಲ್ಲಿ, ಆಯಿಲ್ ಕಡಿಮೆ ಇರುವಲ್ಲಿ ಅತಿ ಹೆಚ್ಚು ಸವೆತ. ಕೆಳತುದಿಯಲ್ಲಿ ಬಹಳ ಕಡಿಮೆ. ಕ್ರ್ಯಾಂಕಿನ ಉದ್ದಕ್ಕಿಂತ ಅಡ್ಡ ದಿಕ್ಕಿನಲ್ಲಿ, ಪಿಸ್ಟನ್ ಒರಗುವ ಕಡೆ ಹೆಚ್ಚು. ಹೀಗಾಗಿ ಒಂದು ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಜಾಗದಲ್ಲಿ, ಉದ್ದ ಮತ್ತು ಅಡ್ಡ ಎರಡು ದಿಕ್ಕಿನಲ್ಲಿ ಅಳೆಯಬೇಕು. ಸಿಲಿಂಡರಿಗೆ ಆರು ಅಂಕಿ. ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ವ್ಯತ್ಯಾಸ ಟೇಪರ್, ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಓವಾಲಿಟಿ. ಇವುಗಳ ಮಿತಿ ಎಷ್ಟು ಎಂದು ಆಯಾ ಎಂಜಿನ್ನಿನ ಕಂಪನಿ ಪುಸ್ತಕದಲ್ಲಿರುತ್ತದೆ. ಅಳತೆ ಮಿತಿಯೊಳಗಿದ್ದರೆ ಹೋನಿಂಗ್ (ಕಲ್ಲಿನಿಂದ ಬೋರಿನ ಮೈ ತೀಡುವುದು) ಮತ್ತು ಹೊಸ ರಿಂಗ್ ಸಾಕು. ಮಿತಿ ಮೀರಿದ್ದರೆ ಬೋರಿಂಗ್.

ನೀನೇ ಪರೀಕ್ಷಿಸಬಹುದಾದ ಒಂದು ಸುಲಭ ದಾರಿಯೂ ಇದೆ. ಹೊಸ ರಿಂಗನ್ನು ಬೋರಿನ ಸವೆಯದ ಕೆಳಭಾಗದಲ್ಲಿ ನೆಟ್ಟಗೆ ಕೂರಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆ. ಅದೇ ರಿಂಗನ್ನು ಮೇಲಿನ ಸವೆದ ಜಾಗದಲ್ಲಿಟ್ಟು ಮತ್ತೆ ಅಳೆ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಎಂಬ ಅಂದಾಜು ಸಿಗುತ್ತದೆ. ಸಂದು 0.31 ಮಿಲಿಮೀಟರ್ ಹೆಚ್ಚಿದ್ದರೆ ಬೋರ್ ಸುಮಾರು 0.10 ಮಿಲಿಮೀಟರ್ ಸವೆದಿದೆ ಎಂದರ್ಥ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಇಲ್ಲಿ ನಿನ್ನ ದುಡ್ಡು ಉಳಿಸುತ್ತದೆ.

ಕೋಲಾರದ ಒಂದು ಲೇತ್ ಅಂಗಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನಾಲ್ಕು ಸಿಲಿಂಡರಿನ ಪಿಕಪ್ ಎಂಜಿನ್ನಿನ ಬ್ಲಾಕ್ ಬಂದಿತ್ತು. ಮೆಕ್ಯಾನಿಕ್ ಬೋರಿಂಗ್ ಎಂದು ಚೀಟಿ ಬರೆದೇ ಕಳಿಸಿದ್ದ. ಮೇಸ್ತ್ರಿ ಬ್ಲಾಕನ್ನು ತೊಳೆಸಿ, ಪ್ರತಿ ಸಿಲಿಂಡರನ್ನೂ ಅಳೆದು, ಅಂಕಿಗಳನ್ನು ಬ್ಲಾಕಿನ ಮೇಲೇ ಚಾಕ್‌ಪೀಸಿನಲ್ಲಿ ಬರೆದ. ಎಲ್ಲವೂ ಮಿತಿಯೊಳಗೆ. ‘ಇದಕ್ಕೆ ಬೋರಿಂಗ್ ಬೇಡ, ಹೆಡ್ ತನ್ನಿ ನೋಡೋಣ’ ಅಂದ. ಹೆಡ್ ಬಂತು. ವಾಲ್ವನ್ನು ಗೈಡಿನಲ್ಲಿ ಇಟ್ಟು ಅಲುಗಿಸಿದರೆ ಬರಿಗಣ್ಣಿಗೇ ಕಾಣುವಷ್ಟು ಆಟ. ಆಯಿಲ್ ಹೋಗುತ್ತಿದ್ದದ್ದು ಅಲ್ಲಿಂದ. ಗೈಡ್, ಸೀಲ್ ಬದಲಾಯಿಸಿ, ಸೀಟ್ ಕಟ್ ಮಾಡಿ, ಬೋರಿಗೆ ಬರೇ ಹೋನಿಂಗ್ ಮಾಡಿ ಕಳಿಸಿದ. ಬರಬಹುದಾಗಿದ್ದ ದೊಡ್ಡ ಕೂಲಿಯನ್ನು ಆ ಮನುಷ್ಯ ತಾನಾಗಿ ಬಿಟ್ಟುಕೊಟ್ಟ. ಆ ಗಾಡಿಯ ಯಜಮಾನ ಆವತ್ತು ಉಳಿಸಿಕೊಂಡದ್ದು ದುಡ್ಡಷ್ಟೇ ಎಂದುಕೊಳ್ಳಬೇಡ, ಎಂಜಿನ್ನಿನ ಆಯುಷ್ಯವನ್ನೂ ಉಳಿಸಿಕೊಂಡ. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ, ಕೆಲವು ಎಂಜಿನ್ನುಗಳಿಗೆ ಎರಡೇ ಮೆಟ್ಟಿಲು. ಒಂದು ಸಲ ಬೋರ್ ಮಾಡಿದರೆ ಒಂದು ಮೆಟ್ಟಿಲು ಖರ್ಚಾಯಿತು. ಮೆಟ್ಟಿಲು ಮುಗಿದ ಮೇಲೆ ಸ್ಲೀವ್ ಹಾಕಿಸಬೇಕು, ಇಲ್ಲವೇ ಬ್ಲಾಕ್ ಹುಡುಕಬೇಕು.

ಬೋರಿಂಗೇ ಆಗಬೇಕು ಎಂದು ಅಳತೆ ಹೇಳಿದರೆ, ಮೊದಲು ಪಿಸ್ಟನ್ ಸೆಟ್ ಕೊಂಡು ಮೇಸ್ತ್ರಿಯ ಕೈಗೆ ಕೊಡು, ಆಮೇಲೆ ಬೋರ್ ಮಾಡಿಸು. ‘0.50 ತಾನೆ, ಬೋರ್ ಮಾಡಿಟ್ಟಿರಿ, ಪಿಸ್ಟನ್ ನಾಳೆ ತರುತ್ತೇನೆ’ ಎನ್ನಬೇಡ. ಒಂದೇ ಸೈಜಿನ ಚೀಟಿ ಅಂಟಿಸಿದ ಪಿಸ್ಟನ್ನುಗಳಲ್ಲೂ ಕಂಪನಿಯಿಂದ ಕಂಪನಿಗೆ ಸಣ್ಣ ವ್ಯತ್ಯಾಸ ಇರುತ್ತದೆ, ಬಿಡಬೇಕಾದ ಸಡಿಲವೂ ಬೇರೆ ಬೇರೆ. ಮೇಸ್ತ್ರಿ ಪ್ರತಿ ಪಿಸ್ಟನ್ನನ್ನು ಸ್ಕರ್ಟಿನಲ್ಲಿ, ಪಿನ್ನಿಗೆ ಅಡ್ಡಲಾಗಿ ಅಳೆದು, ಅದಕ್ಕೆ ತಕ್ಕಂತೆ ಬೋರನ್ನು ಹೊಂದಿಸಬೇಕು. ಸಡಿಲ ಕಡಿಮೆಯಾದರೆ ಪಿಸ್ಟನ್ ಬಿಸಿಗೆ ಹಿಗ್ಗಿ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ತಣ್ಣಗಿರುವಾಗ ಟಕಟಕ ಬಡಿಯುತ್ತದೆ, ಆಯಿಲ್ ತಿನ್ನುತ್ತದೆ. ಇಲ್ಲಿ ಮಾತಾಡುತ್ತಿರುವುದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. ಪೆಟ್ಟಿಗೆಯ ಮೇಲಿನ ಹೆಸರು, ಭಾಗದ ಸಂಖ್ಯೆ, ಸೈಜು ಮೂರನ್ನೂ ಫೋಟೋ ತೆಗೆದಿಟ್ಟುಕೋ. ಅಗ್ಗಕ್ಕೆ ಸಿಕ್ಕಿತು ಎಂದು ನಕಲಿ ಪಿಸ್ಟನ್ ತಂದು ಕೊಟ್ಟು, ಮೇಸ್ತ್ರಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಬೋರಿಂಗ್ ಆದ ಮೇಲೆ ಹೋನಿಂಗ್. ಕನ್ನಡಿಯ ಹಾಗೆ ಹೊಳೆಯುವ ಬೋರ್ ಒಳ್ಳೆಯದೆಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ಬೋರಿನ ಮೈಮೇಲೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳು ಇರಬೇಕು. ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತದೆ, ಹೊಸ ರಿಂಗ್ ಬೋರಿಗೆ ಒಗ್ಗಿಕೊಳ್ಳುತ್ತದೆ. ಇದಾದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಅವಸರದಲ್ಲಿ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ: ತೊಳೆಯುವುದು. ಹೋನಿಂಗ್ ಕಲ್ಲಿನ ಪುಡಿ ಗೆರೆಗಳಲ್ಲಿ ಕೂತಿರುತ್ತದೆ. ಡೀಸೆಲ್ಲಿನಲ್ಲಿ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಬಿಸಿ ನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಇವುಗಳಿಂದ ತಿಕ್ಕಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಆಯಿಲ್ ಸವರಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿ ನೋಡು. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೊಮ್ಮೆ ತೊಳೆ. ಹೀಗೆ ತೊಳೆಯದೆ ಕಟ್ಟಿದ ಒಂದು ಟ್ರ್ಯಾಕ್ಟರ್ ಎಂಜಿನ್ ಒಂದು ಹಂಗಾಮು ಕಳೆಯುವುದರೊಳಗೆ ಮತ್ತೆ ಹೊಗೆ ಉಗುಳಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಆ ರೈತನ ಮುಖ ಇನ್ನೂ ಕಣ್ಣಲ್ಲಿದೆ. ಬೋರಿಂಗ್ ಕೂಲಿ, ಪಿಸ್ಟನ್, ರಿಂಗ್, ನಿಂತ ದಿನಗಳು, ಎಲ್ಲವೂ ಒಂದು ಬಕೆಟ್ ಬಿಸಿ ನೀರಿನ ಉದಾಸೀನಕ್ಕೆ ಹೋದವು.

ಎಷ್ಟೋ ಟ್ರ್ಯಾಕ್ಟರ್, ಲಾರಿ ಎಂಜಿನ್ನುಗಳಲ್ಲಿ ಬ್ಲಾಕಿಗೆ ಬೋರ್ ಹಾಕುವುದಿಲ್ಲ, ಲೈನರ್ (ಬ್ಲಾಕಿನೊಳಗೆ ಕೂರಿಸಿದ ಸಿಲಿಂಡರ್ ಕೊಳವೆ) ಬದಲಾಯಿಸುತ್ತಾರೆ. ಲೈನರ್ ಇರುವ ಎಂಜಿನ್ನಿನಲ್ಲಿ ಕೇಳಬೇಕಾದ ಅಳತೆಯೇ ಬೇರೆ. ಲೈನರ್ ಬ್ಲಾಕಿನ ಮಟ್ಟಕ್ಕೆ ಕಂಪನಿ ಹೇಳಿದಂತೆ ಕೂತಿದೆಯೇ? ನೀರು ತಾಗುವ ಲೈನರ್ ಆದರೆ ಅದರ ಕೊರಳು ಕೂರುವ ಜಾಗ ತಿಂದುಹೋಗಿಲ್ಲವೇ, ಕೆಳಗಿನ ರಬ್ಬರ್ ರಿಂಗ್ ಕೂರುವ ಕಾಲುವೆ ತುಕ್ಕು ಹಿಡಿದಿಲ್ಲವೇ? ಗಡಸು ನೀರಿನ ಹಾನಿ ಮೊದಲು ಕಾಣಿಸುವುದು ಇಲ್ಲಿ. ಇವನ್ನು ನೋಡದೆ ಹೊಸ ಲೈನರ್ ಬಡಿದರೆ ನೀರು ಸೋರಿ ಆಯಿಲ್ಲಿಗೆ ಸೇರುತ್ತದೆ.

ಹೆಡ್ಡಿನ ಬಗ್ಗೆ ಎರಡು ಮಾತು. ಫೇಸಿಂಗ್ ಮಾಡಿಸುವ ಮೊದಲು ಬಿರುಕು ಪರೀಕ್ಷೆ ಮಾಡಿಸು. ನೀರಿನ ದಾರಿಗಳನ್ನು ಮುಚ್ಚಿ ಒತ್ತಡದಲ್ಲಿ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗದಲ್ಲಿ ಬಿರುಕು. ಬಿರುಕು ಬಿಟ್ಟ ಹೆಡ್ಡಿಗೆ ಮೊದಲು ಫೇಸಿಂಗ್ ಕೂಲಿ ಕೊಟ್ಟು, ಆಮೇಲೆ ಬಿರುಕು ಕಂಡುಹಿಡಿಯುವುದು ದಂಡ. ಸೊಟ್ಟ ಎಷ್ಟಿದೆ ಎಂಬುದನ್ನು ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಲ್ಲಿ ನೋಡಿ, ಬೇಕಾದಷ್ಟೇ ತೆಗೆಸು. ಎಷ್ಟು ತೆಗೆದರು ಎಂದು ಬರೆಸಿಕೋ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಉಳಿಯುವ ಜಾಗ ಬಹಳ ಚಿಕ್ಕದು, ಲೆಕ್ಕವಿಲ್ಲದೆ ಲೋಹ ತೆಗೆದರೆ ಅವು ಒಂದಕ್ಕೊಂದು ತಗುಲುತ್ತವೆ. ಹಲವು ಡೀಸೆಲ್ ಎಂಜಿನ್ನುಗಳಿಗೆ ಎರಡು ಮೂರು ದಪ್ಪದ ಹೆಡ್ ಗ್ಯಾಸ್ಕೆಟ್ ಸಿಗುತ್ತವೆ, ಅಂಚಿನಲ್ಲಿ ಕಚ್ಚು ಅಥವಾ ತೂತಿನ ಗುರುತು ಇರುತ್ತದೆ. ಹಳೆಯ ಗ್ಯಾಸ್ಕೆಟ್ಟನ್ನು ಎಸೆಯದೆ ಇಟ್ಟುಕೊಂಡು, ಪಿಸ್ಟನ್ ಬ್ಲಾಕಿನ ಮೇಲೆ ಎಷ್ಟು ಬರುತ್ತದೆ ಎಂದು ಅಳೆದು ಹೊಸದನ್ನು ಆರಿಸಬೇಕು.

ಕ್ರ್ಯಾಂಕಿನ ವಿಷಯದಲ್ಲೂ ಅದೇ ಪ್ರಶ್ನೆ. ಜರ್ನಲ್ (ಬೇರಿಂಗ್ ಕೂರುವ ಭಾಗ) ಎಷ್ಟು ಸವೆದಿದೆ, ಎಷ್ಟಕ್ಕೆ ಗ್ರೈಂಡ್ ಮಾಡುತ್ತೀರಿ, ಆ ಸೈಜಿನ ಬೇರಿಂಗ್ ಸಿಗುತ್ತದೆಯೇ? ಬೇರಿಂಗ್ ಕೈಗೆ ಬಂದ ಮೇಲೆಯೇ ಗ್ರೈಂಡಿಂಗ್. ಜರ್ನಲಿನ ಮೂಲೆಯ ದುಂಡು ಹಾಗೇ ಉಳಿಯಬೇಕು. ಅಲ್ಲಿ ಚೂಪಾದ ಮೂಲೆ ಬಿಟ್ಟರೆ ಲೋಡ್ ಬಿದ್ದಾಗ ಕ್ರ್ಯಾಂಕ್ ತುಂಡಾಗುವುದು ಅಲ್ಲಿಂದಲೇ. ಆಯಿಲ್ ದಾರಿಗಳ ಪ್ಲಗ್ ತೆಗೆದು ಒಳಗಿನ ಪುಡಿ ತೊಳೆಸು. ಕನೆಕ್ಟಿಂಗ್ ರಾಡಿನ ಕ್ಯಾಪುಗಳು ಅದಲು ಬದಲಾಗದಂತೆ ಬಿಚ್ಚುವಾಗಲೇ ನಂಬರ್ ಹಾಕಿಸು. ಬಿಚ್ಚಿಟ್ಟ ಕ್ರ್ಯಾಂಕನ್ನು ಮೂಲೆಯಲ್ಲಿ ಎಸೆಯದೆ ನೆಟ್ಟಗೆ ನಿಲ್ಲಿಸಿಡು.

ಇಷ್ಟೆಲ್ಲ ಕೇಳುವವನನ್ನು ಮೇಸ್ತ್ರಿ ಇಷ್ಟಪಡುತ್ತಾನೆಯೇ ಎಂದು ನಿನಗೆ ಅಳುಕು ಇರಬಹುದು. ಕೆಲಸ ಬಲ್ಲವನು ಖಂಡಿತ ಇಷ್ಟಪಡುತ್ತಾನೆ. ಕೇಳುವ ಧಾಟಿ ಮಾತ್ರ ಹಿತವಾಗಿರಲಿ. ತಪ್ಪು ಹಿಡಿಯಲು ಬಂದವನಂತೆ ನಿಲ್ಲದೆ, ‘ಅಣ್ಣಾ, ಅಳತೆ ಒಂದು ಚೀಟಿಯಲ್ಲಿ ಬರೆದುಕೊಡಿ, ಮುಂದೆ ಅನುಕೂಲ ಆಗುತ್ತೆ’ ಅನ್ನು. ಒಳ್ಳೆಯ ಮೇಸ್ತ್ರಿಗೆ ತನ್ನ ಕಸುಬನ್ನು ಅರಿತ ಗಿರಾಕಿ ಸಿಗುವುದೇ ಅಪರೂಪ. ಅವನ ಹತ್ತಿರ ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸುವುದಕ್ಕಿಂತ ಅವನು ಕೇಳಿದ ಇನ್ನೊಂದು ದಿನ ಕೊಡುವುದು ನಿನಗೆ ಹೆಚ್ಚು ಲಾಭ. ‘ಸಂಜೆಯೊಳಗೆ ಬೇಕು’ ಎಂದು ತಲೆಯ ಮೇಲೆ ಕೂತರೆ ಮೊದಲು ತಪ್ಪುವುದು ಎರಡನೇ ಸಲದ ಅಳತೆ, ಆಮೇಲೆ ತಪ್ಪುವುದು ತೊಳೆಯುವ ಕೆಲಸ.

ಅದಕ್ಕೇ ಕಾಲ ನೋಡಿ ಕೆಲಸಕ್ಕೆ ಹಾಕು ಎನ್ನುತ್ತೇನೆ. ಮೇ ತಿಂಗಳಿಂದ ಮಾವು, ಅದರ ಹಿಂದೆಯೇ ಟೊಮೆಟೊ ಜೋರು. ಆ ಹೊತ್ತಿನಲ್ಲಿ ಗಾಡಿ ಕೈಕೊಟ್ಟರೆ ನೀನು ಯಾವ ಅಳತೆಯನ್ನೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಹೇಗೋ ಓಡಿದರೆ ಸಾಕು ಅನಿಸುತ್ತದೆ. ಹೊಗೆಯ ಬಣ್ಣ, ಆಯಿಲ್ಲಿನ ಖರ್ಚು, ಸ್ಟಾರ್ಟ್ ಆಗಲು ತೆಗೆದುಕೊಳ್ಳುವ ಹೊತ್ತು ತಿಂಗಳುಗಟ್ಟಲೆ ಮೊದಲೇ ಸುಳಿವು ಕೊಡುತ್ತವೆ. ಬಾಡಿಗೆ ಕಡಿಮೆ ಇರುವ ದಿನಗಳಲ್ಲಿ ಎಂಜಿನ್ ಬಿಚ್ಚಿಸು.

ಕಾಗದ ಪತ್ರದ ಕಡೆಗೂ ಗಮನವಿರಲಿ. ಏನೇನು ಕೆಲಸ, ಯಾವ ಸೈಜು, ಯಾವ ಬಿಡಿಭಾಗ, ಎಷ್ಟು ಕೂಲಿ ಎಂದು ಬಿಡಿಸಿ ಬರೆದ ಬಿಲ್ ತೆಗೆದುಕೋ. ಕೆಲಸದಲ್ಲಿ ಲೋಪವಾದರೆ ಮೊದಲು ಅಂಗಡಿಯವನ ಹತ್ತಿರವೇ ಆ ಚೀಟಿ ಹಿಡಿದು ಕೂತು ಮಾತಾಡು, ಬಹುಪಾಲು ಅಲ್ಲೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಕೋಲಾರದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಬಾಡಿಗೆಗೆ ಓಡಿಸುವವನಿಗೆ ಅದು ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಇಟ್ಟುಕೊಂಡವನೂ ಗ್ರಾಹಕನೇ ಎಂದು ಕಾಯ್ದೆಯಲ್ಲೇ ವಿವರಣೆ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಸಲಹೆಗೆ 1915 ಸಹಾಯವಾಣಿ ಇದೆ. ಇನ್ನೊಂದು, ಬ್ಲಾಕನ್ನೇ ಬದಲಾಯಿಸಬೇಕಾದರೆ ಅದರ ಮೂಲ ದಾಖಲೆ ಕೇಳು, ಆರ್‌ಟಿಒ ಕಚೇರಿಯಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರಿಸು. ಹಾಗೆ ಮಾಡದ ಗಾಡಿಗೆ ಇನ್ಶೂರೆನ್ಸಿನಲ್ಲೂ ಮಾರುವಾಗಲೂ ತೊಡಕು.

ಎಂಜಿನ್ ಕಟ್ಟುವ ದಿನ ಮೆಕ್ಯಾನಿಕ್ ಕೈಯಲ್ಲಿ ಟಾರ್ಕ್ ರೆಂಚ್ ಇರಲಿ. ಹೆಡ್ ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಬೇಕು. ಬಿಗಿದಾಗ ಹಿಗ್ಗುವ ಜಾತಿಯ ಬೋಲ್ಟ್ ಆದರೆ ಹೊಸದೇ ಹಾಕಬೇಕು. ಸ್ಟಾರ್ಟ್ ಮಾಡಿದ ಮೇಲೆ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಡಬೇಡ. ಸಾಧಾರಣ ಲೋಡಿನಲ್ಲಿ, ವೇಗವನ್ನು ಏರಿಳಿಸುತ್ತಾ ಓಡಿಸಿದರೆ ರಿಂಗ್ ಬೋರಿಗೆ ಚೆನ್ನಾಗಿ ಒಗ್ಗುತ್ತದೆ. ಮೊದಲ ಆಯಿಲ್ಲನ್ನೂ ಫಿಲ್ಟರನ್ನೂ ಬೇಗ ಬದಲಿಸು. ಪಿಕಪ್ಪಿಗೆ 500 ಕಿಲೋಮೀಟರ್, ಟ್ರ್ಯಾಕ್ಟರಿಗೆ 50 ಗಂಟೆ ಎಂಬ ಲೆಕ್ಕ ಇಟ್ಟುಕೊಂಡರೆ ತಪ್ಪಾಗದು. ರೇಡಿಯೇಟರನ್ನು ಶುಚಿ ಮಾಡಿಸಿ, ಹೊಸ ಮುಚ್ಚಳ ಹಾಕಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ತುಂಬು. ಕೊಳವೆಬಾವಿ ನೀರು ಮತ್ತೆ ಆ ಕಡೆ ಸುಳಿಯದಿರಲಿ. ಏರ್ ಫಿಲ್ಟರಿನ ಹೋಸ್, ಕ್ಲಿಪ್ ಎಲ್ಲವನ್ನೂ ಹೊಸದು ಮಾಡು.

ಕೊನೆಗೆ ಒಂದು ವಿಷಯ, ಇದು ನಿನ್ನ ಗಾಡಿಗಿಂತ ದೊಡ್ಡದು. ಐಟಿಐನಲ್ಲಿ ಟರ್ನರ್, ಫಿಟ್ಟರ್, ಮಷಿನಿಸ್ಟ್ ಕಲಿತ ನಮ್ಮ ಹುಡುಗರು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ತಿಂಗಳ ಸಂಬಳ, ನೆರಳು, ಬಸ್ಸು ಇರುವ ಕಡೆ ಹೋಗುವುದು ಸರಿಯೇ. ಆದರೆ ಊರಿನ ಲೇತ್ ಅಂಗಡಿಯಲ್ಲಿ ವಯಸ್ಸಾದ ಮೇಸ್ತ್ರಿಯ ಪಕ್ಕ ನಿಂತು ಕಲಿಯುವವರು ಕಡಿಮೆಯಾಗುತ್ತಿದ್ದಾರೆ. ಅಳೆದು ಮಾಡುವವನಿಗೂ ಅಂದಾಜಿಗೆ ಮಾಡುವವನಿಗೂ ಗಿರಾಕಿ ಒಂದೇ ಕೂಲಿ ಕೊಟ್ಟರೆ, ಅಳೆಯುವ ಶ್ರಮವನ್ನು ಯಾರು ಪಡುತ್ತಾರೆ? ಅಳತೆಯ ಚೀಟಿ ಕೊಟ್ಟವನಿಗೆ ಅವನು ಕೇಳಿದ ಕೂಲಿ ಸಂತೋಷವಾಗಿ ಕೊಡು, ಅವನ ಅಂಗಡಿಯ ಹೆಸರನ್ನು ಮಂಡಿಯಲ್ಲಿ, ಟ್ರ್ಯಾಕ್ಟರ್ ಸ್ಟ್ಯಾಂಡಿನಲ್ಲಿ ಹತ್ತು ಜನಕ್ಕೆ ಹೇಳು. ಆ ಚೀಟಿಯನ್ನು ಆರ್‌ಸಿ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೋ. ನಾಳೆ ಗಾಡಿ ಮಾರಿದರೆ ಕೊಳ್ಳುವವನಿಗೆ ಅದನ್ನು ತೋರಿಸಿ ಕೊಡು, ಅವನೂ ಮುಂದಿನ ಸಲ ಲೇತ್ ಅಂಗಡಿಗೆ ಹೋದಾಗ ಅಳತೆ ಕೇಳುವುದನ್ನು ಕಲಿಯಲಿ.